ಮೂರು ಊರು, ಒಂಬತ್ತು ರಾತ್ರಿ: ಮನೆಮಂದಿಯೆಲ್ಲ ಇಟಲಿಗೆ ಹೊರಟಾಗ

ಎಲ್ಲರಿಗೂ ನಮಸ್ಕಾರ.

ಇಟಲಿಗೆ ಹೋಗೋಣ ಎಂದು ಮನೆಯಲ್ಲಿ ಮಾತು ಶುರುವಾದ ಕೂಡಲೇ ಊರುಗಳ ಪಟ್ಟಿ ಬೆಳೆಯುತ್ತದೆ. ವೆನಿಸ್, ವೆರೋನಾ, ಮಿಲಾನ್, ಪೀಸಾ, ಫ್ಲಾರೆನ್ಸ್, ಸಿಯೆನಾ, ರೋಮ್, ನೇಪಲ್ಸ್, ಪಾಂಪೇ. ಹತ್ತು ದಿನಕ್ಕೆ ಒಂಬತ್ತು ಊರು. ಇದರ ಲೆಕ್ಕ ಬಿಡಿಸಿ ನೋಡೋಣ. ಊರು ಬದಲಾಯಿಸುವ ದಿನ ಬೆಳಿಗ್ಗೆ 10 ಅಥವಾ 11ರೊಳಗೆ ರೂಮು ಖಾಲಿ ಮಾಡಬೇಕು. ಮುಂದಿನ ಊರಲ್ಲಿ ರೂಮಿನ ಕೀಲಿ ಸಿಗುವುದು ಮಧ್ಯಾಹ್ನ 2 ಅಥವಾ 3ರ ಮೇಲೆ. ನಡುವೆ ಪ್ಯಾಕಿಂಗ್, ಸ್ಟೇಷನ್, ರೈಲು, ಮತ್ತೆ ವಿಳಾಸದ ಹುಡುಕಾಟ. ರೈಲಿನ ಪಯಣ ಒಂದೂವರೆ ಗಂಟೆಯದ್ದೇ ಇರಲಿ, ಅರ್ಧ ದಿನ ಹೋಯಿತು. ಎಂಟು ಸಲ ಊರು ಬದಲಾಯಿಸಿದರೆ ನಾಲ್ಕು ದಿನ ಸೂಟ್‌ಕೇಸಿಗೇ ಸಂದಾಯ. ಜೊತೆಗೆ ಅಜ್ಜ, ಅಜ್ಜಿ, ಆರು ವರ್ಷದ ಮಗು ಇದ್ದರೆ ಉಳಿದ ದಿನಗಳೂ ದಣಿವಾರಿಸಿಕೊಳ್ಳುವುದರಲ್ಲೇ ಮುಗಿಯುತ್ತವೆ.

ಆದ್ದರಿಂದ ಇಲ್ಲಿ ಹೇಳುವುದು ಮೂರು ಊರಿನ ಪ್ರವಾಸ. ವೆನಿಸ್‌ನಲ್ಲಿ ಎರಡು ರಾತ್ರಿ, ಫ್ಲಾರೆನ್ಸ್‌ನಲ್ಲಿ ಮೂರು, ರೋಮ್‌ನಲ್ಲಿ ನಾಲ್ಕು. ವೆನಿಸ್‌ನಲ್ಲಿ ಇಳಿದು ರೋಮ್‌ನಿಂದ ವಾಪಸ್ ವಿಮಾನ ಹತ್ತುವಂತೆ ಟಿಕೆಟ್ ತೆಗೆಯಿರಿ. ಬಂದ ಊರಿಗೇ ವಾಪಸಾಗುವ ಟಿಕೆಟ್ ತುಸು ಅಗ್ಗವಾಗಿ ಕಂಡರೂ, ಹಿಂದಿರುಗುವ ರೈಲಿನ ಖರ್ಚು ಮತ್ತು ಒಂದು ದಿನ ಸೇರಿಸಿದರೆ ಆ ಉಳಿತಾಯ ನಿಲ್ಲುವುದಿಲ್ಲ.

ವೆನಿಸ್ ಮೊದಲು ಏಕೆ? ಬೇಸಿಗೆ ಸಮಯದಲ್ಲಿ ಇಟಲಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಇಲ್ಲಿ ಬೆಳಿಗ್ಗೆ 7ಕ್ಕೆ ಏಳುವ ಮಗು ಅಲ್ಲಿ ಮೊದಲ ದಿನ ನಸುಕಿನ ಮೂರೂವರೆಗೆ ಕಣ್ಣು ಬಿಡುತ್ತದೆ. ಬೇರೆ ಊರಲ್ಲಿ ಇದು ಪೇಚಾಟ, ವೆನಿಸ್‌ನಲ್ಲಿ ಲಾಭ. ಬೆಳಿಗ್ಗೆ 6ಕ್ಕೆ ಸಾನ್ ಮಾರ್ಕೊ ಚೌಕದಲ್ಲಿ ಬೆರಳೆಣಿಕೆಯ ಜನ. 10ರ ಹೊತ್ತಿಗೆ ಅದೇ ಚೌಕದಲ್ಲಿ ಹೆಜ್ಜೆ ಇಡಲು ಜಾಗವಿರುವುದಿಲ್ಲ.

ಕಾಲದ ವಿಷಯಕ್ಕೆ ಬಂದರೆ, ನಮ್ಮ ಶಾಲೆಗಳ ದಸರಾ ರಜೆ ಅತ್ಯುತ್ತಮ. ಅಕ್ಟೋಬರ್‌ನಲ್ಲಿ ಬಿಸಿಲು ಹಿತವಾಗಿರುತ್ತದೆ. ಏಪ್ರಿಲ್, ಮೇ ಕೂಡ ಚೆನ್ನ. ಆದರೆ ಈಸ್ಟರ್ ವಾರ, ಏಪ್ರಿಲ್ 25, ಮೇ 1 ಈ ದಿನಗಳಲ್ಲಿ ಇಟಲಿಯವರೂ ರಜೆಯಲ್ಲಿರುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ರೋಮ್‌ನ ಬಿಸಿಲು 35 ಡಿಗ್ರಿ ದಾಟುವುದು ಸಾಮಾನ್ಯ. ಪ್ರಾಚೀನ ರೋಮ್‌ನ ಅವಶೇಷಗಳಿರುವ, ನೆರಳಿಲ್ಲದ ಫೋರಂನಲ್ಲಿ ಹಿರಿಯರನ್ನು ನಡೆಸುವ ಕಾಲ ಅದಲ್ಲ.

ಇಟಲಿಗೆ ಬೇಕಾದದ್ದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಅದರ ಅರ್ಜಿಯನ್ನು 6 ತಿಂಗಳು ಮುಂಚಿನಿಂದ ಹಾಕಬಹುದು, ಹೊರಡಲು 15 ದಿನ ಉಳಿದಿರುವವರೆಗೆ ಅವಕಾಶ ಉಂಟು. ಆದರೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟವಾಗುವ ಕಾಲದಲ್ಲಿ ಮೂರು ತಿಂಗಳ ಮುಂಚೆ ಶುರು ಮಾಡುವುದು ಕ್ಷೇಮ. ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನವರಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸಾದ ಮೇಲೂ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ವಿಮೆ ಕನಿಷ್ಠ 30,000 ಯೂರೊ. ಅರ್ಜಿ ಎಡವುವುದು ಸಣ್ಣ ಸಂಗತಿಗಳಲ್ಲಿ: ವಿಮೆಯ ತಾರೀಖು ವಿಮಾನದ ತಾರೀಖಿಗಿಂತ ಒಂದು ದಿನ ಕಡಿಮೆ, ಹೋಟೆಲ್ ಬುಕಿಂಗ್‌ನಲ್ಲಿ ಒಂದು ರಾತ್ರಿಗೆ ಜಾಗವೇ ಇಲ್ಲ, ಮಗುವಿನ ಜೊತೆ ತಂದೆ ತಾಯಿಯರಲ್ಲಿ ಒಬ್ಬರೇ ಹೊರಟಿದ್ದರೂ ಇನ್ನೊಬ್ಬರ ಒಪ್ಪಿಗೆ ಪತ್ರ ಇಲ್ಲ. ಇಟಲಿಯ ಜೊತೆ ಸ್ವಿಟ್ಜರ್ಲೆಂಡನ್ನೂ ಸೇರಿಸಿದ್ದರೆ, ಹೆಚ್ಚು ರಾತ್ರಿ ಎಲ್ಲಿ ಕಳೆಯುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು.

ನಮ್ಮ ಹೆಸರುಗಳ ಇನಿಷಿಯಲ್ ಇನ್ನೊಂದು ತೊಡಕು. ಕೊಲೊಸಿಯಂ ಟಿಕೆಟ್ ಮೇಲೆ ಹೆಸರು ಇರುತ್ತದೆ, ಗುರುತಿನ ಚೀಟಿಗೆ ಹೋಲಿಸಿಯೇ ಒಳಗೆ ಬಿಡುತ್ತಾರೆ. ಆದ್ದರಿಂದ ಮನೆಯಲ್ಲಿ ಕರೆಯುವ ಹೆಸರು, ಆಧಾರ್‌ನಲ್ಲಿರುವ ಹೆಸರು ಯಾವುದೂ ಬೇಡ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದ್ದರೆ ಅದನ್ನೇ ಅಕ್ಷರಶಃ ತುಂಬಿ. ಈ ಟಿಕೆಟ್ ಬಿಡುಗಡೆಯಾಗುವುದು ಭೇಟಿಗೆ 30 ದಿನ ಮುಂಚೆ. ಜೊತೆಗೆ ವ್ಯಾಟಿಕನ್ ಮ್ಯೂಸಿಯಂ, ಫ್ಲಾರೆನ್ಸ್ ಗುಮ್ಮಟ, ಅದೇ ಊರಿನಲ್ಲಿ ಡೇವಿಡ್ ಶಿಲ್ಪ ಇರುವ ಅಕಾಡೆಮಿಯಾ ಮ್ಯೂಸಿಯಂ. ಮುಂಚೆಯೇ ಬುಕ್ ಮಾಡಲೇಬೇಕಾದ್ದು ಈ ನಾಲ್ಕು. ಅಕಾಡೆಮಿಯಾ ಮತ್ತು ಫ್ಲಾರೆನ್ಸ್‌ನದೇ ಚಿತ್ರಪಟಗಳ ಮ್ಯೂಸಿಯಂ ಉಫೀಜಿಗೆ ಸೋಮವಾರ ರಜೆ. ವ್ಯಾಟಿಕನ್ ಮ್ಯೂಸಿಯಂಗೆ ತಿಂಗಳ ಕೊನೆಯ ಭಾನುವಾರ ಬಿಟ್ಟು ಉಳಿದ ಭಾನುವಾರಗಳು ರಜೆ. ಸರ್ಕಾರಿ ಮ್ಯೂಸಿಯಂಗಳಲ್ಲಿ 18 ವರ್ಷದೊಳಗಿನವರಿಗೆ, ಯಾವ ದೇಶದವರಾದರೂ, ಪ್ರವೇಶ ಉಚಿತ. ತಿಂಗಳ ಮೊದಲ ಭಾನುವಾರ ಅಲ್ಲಿ ಎಲ್ಲರಿಗೂ ಉಚಿತ. ಮಕ್ಕಳಿರುವವರು ಆ ದಿನವನ್ನು ತಪ್ಪಿಸಿ. ಉಳಿದ ಹಣಕ್ಕಿಂತ ಸಾಲಿನಲ್ಲಿ ಕಳೆದ ಹೊತ್ತು ದುಬಾರಿ.

ಈಗ ವೆನಿಸ್. ಸೇತುವೆ ದಾಟಿದರೆ ಸಿಗುವ ಮೆಸ್ತ್ರೆಯಲ್ಲಿ ರೂಮು ಅಗ್ಗ, ರೈಲಿಗೆ ಹತ್ತು ಹನ್ನೆರಡು ನಿಮಿಷ. ಆದರೂ ಎರಡು ರಾತ್ರಿಯಾದರೂ ದ್ವೀಪದಲ್ಲೇ ಉಳಿಯಿರಿ. ನಸುಕು ಮತ್ತು ರಾತ್ರಿ ಕೈತಪ್ಪಿದರೆ ವೆನಿಸ್‌ನಲ್ಲಿ ಉಳಿಯುವುದು ಜನಜಂಗುಳಿ ಮಾತ್ರ. ಮನೆ ಆರಿಸುವಾಗ ಒಂದು ಕೆಲಸ ಮಾಡಿ: ವಪೊರೆತ್ತೊ, ಅಂದರೆ ಅಲ್ಲಿನ ದೋಣಿ ಬಸ್ಸು, ನಿಲ್ಲುವ ಜಾಗದಿಂದ ಮನೆಯವರೆಗೆ ಎಷ್ಟು ಸೇತುವೆ ಬರುತ್ತವೆ ಎಂದು ನಕ್ಷೆಯಲ್ಲಿ ಎಣಿಸಿ. ಊರಲ್ಲಿ 400ಕ್ಕೂ ಹೆಚ್ಚು ಸೇತುವೆಗಳಿವೆ, ಬಹುತೇಕ ಎಲ್ಲಕ್ಕೂ ಮೆಟ್ಟಿಲು. 23 ಕಿಲೋ ಸೂಟ್‌ಕೇಸನ್ನು ಮೂರು ಸೇತುವೆ ಹತ್ತಿಸಿ ಇಳಿಸುವಷ್ಟರಲ್ಲಿ ಮೊದಲ ಸಂಜೆಯ ಉತ್ಸಾಹವೆಲ್ಲ ಇಳಿದಿರುತ್ತದೆ. ತಲೆಗೊಂದು 55 ಸೆಂಟಿಮೀಟರಿನ ಸಣ್ಣ ಚೀಲ ಸಾಕು. ಮನೆ ನಂಬರು ಬೀದಿಗೆ ಅಲ್ಲ, ಇಡೀ ಬಡಾವಣೆಗೆ ಸೇರಿದ್ದು. ನಂಬರು ಸಾವಿರಗಟ್ಟಲೆ ಹೋಗುತ್ತದೆ. ಹತ್ತಿರದ ಕಾಂಪೊ, ಅಂದರೆ ಚೌಕದ ಹೆಸರನ್ನು ಮನೆ ಮಾಲೀಕರಿಂದ ಮೊದಲೇ ಕೇಳಿಟ್ಟುಕೊಳ್ಳಿ.

ವಪೊರೆತ್ತೊ ಟಿಕೆಟ್ 75 ನಿಮಿಷಕ್ಕೆ 9.50 ಯೂರೊ, ಆರು ವರ್ಷದೊಳಗಿನ ಮಕ್ಕಳಿಗೆ ಉಚಿತ. ದಿನಕ್ಕೆ ಮೂರು ಸಲ ಹತ್ತುವುದಾದರೆ ದಿನದ ಪಾಸ್ ಲಾಭ. ಹತ್ತುವ ಮುನ್ನ ಯಂತ್ರಕ್ಕೆ ಮುಟ್ಟಿಸದಿದ್ದರೆ ಟಿಕೆಟ್ ಇದ್ದೂ ದಂಡ. 1ನೇ ನಂಬರಿನ ದೋಣಿ ಗ್ರ್ಯಾಂಡ್ ಕೆನಾಲ್ ಉದ್ದಕ್ಕೂ ಪ್ರತಿ ನಿಲ್ದಾಣದಲ್ಲಿ ನಿಲ್ಲುತ್ತ ಸಾಗುತ್ತದೆ. ಊರು ನೋಡಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಗೊಂಡೊಲಾಗೆ ನಗರಸಭೆ ಗೊತ್ತು ಮಾಡಿದ ದರ ಹಗಲಲ್ಲಿ ಅರ್ಧ ಗಂಟೆಗೆ 90 ಯೂರೊ. ಅದು ಇಡೀ ದೋಣಿಯ ಬೆಲೆ, ತಲೆಗೆ ಅಲ್ಲ, ಐದು ಜನ ಕೂರಬಹುದು. ಹತ್ತುವ ಮುಂಚೆಯೇ ದರ ಮತ್ತು ಸಮಯ ಮಾತಾಡಿಕೊಳ್ಳಿ. ಬರೀ ಮಕ್ಕಳ ಆಸೆ ತೀರಬೇಕೆಂದರೆ, ಕಾಲುವೆಯ ಈ ದಡದಿಂದ ಆ ದಡಕ್ಕೆ ದಾಟಿಸುವ ತ್ರಗೆತ್ತೊ ದೋಣಿ ಇದೆ, ತಲೆಗೆ 2 ಯೂರೊ.

2024ರಿಂದ ವರ್ಷದ ಕೆಲವು ನಿಗದಿತ ದಿನಗಳಲ್ಲಿ ಹಗಲು ಭೇಟಿಗೆ ಪ್ರವೇಶ ಶುಲ್ಕ ಇದೆ. ರಾತ್ರಿ ಉಳಿಯುವವರು ಅದನ್ನು ಕಟ್ಟಬೇಕಿಲ್ಲ, ಆದರೆ ವಿನಾಯಿತಿಯ ಕ್ಯೂಆರ್ ಕೋಡನ್ನು ಆನ್‌ಲೈನ್‌ನಲ್ಲಿ ತೆಗೆದಿಟ್ಟುಕೊಳ್ಳಬೇಕು.

ಈ ಊರು ನೀರಲ್ಲಿ ಹೇಗೆ ನಿಂತಿದೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಉತ್ತರ ಅವರ ಕಣ್ಣೆದುರೇ ಇದೆ. ಕೆಸರಿನೊಳಗೆ ಒತ್ತೊತ್ತಾಗಿ ಮರದ ಗೂಟಗಳನ್ನು ಹೊಡೆದಿದ್ದಾರೆ. ಗೂಟದ ತಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಇಸ್ತ್ರಿಯಾ ಎಂಬ ಸೀಮೆಯ ಬಿಳಿ ಕಲ್ಲು, ಕಲ್ಲಿನ ಮೇಲೆ ಇಟ್ಟಿಗೆ ಗೋಡೆ. ಕೆಸರಿನ ಆಳದಲ್ಲಿ ಆಮ್ಲಜನಕ ಇಲ್ಲದ್ದರಿಂದ ಮರವನ್ನು ತಿನ್ನುವ ಶಿಲೀಂಧ್ರ ಬದುಕುವುದಿಲ್ಲ. ಗೂಟ ಶತಮಾನಗಟ್ಟಲೆ ಉಳಿಯುತ್ತದೆ. ಈ ಬಿಳಿ ಕಲ್ಲು ನೀರನ್ನು ಹೀರುವುದು ತೀರ ಕಡಿಮೆ, ಇಟ್ಟಿಗೆ ಧಾರಾಳವಾಗಿ ಹೀರುತ್ತದೆ. ಸಮುದ್ರ ಏರಿ, ನೆಲ ಕುಸಿದು, ಈಗ ನೀರು ಬಿಳಿ ಕಲ್ಲಿನ ಪಟ್ಟಿಯನ್ನು ದಾಟಿ ಇಟ್ಟಿಗೆಗೆ ತಾಗುತ್ತಿದೆ. ಯಾವುದೇ ಸಣ್ಣ ಕಾಲುವೆಯ ಅಂಚಿನಲ್ಲಿ ಮಗುವನ್ನು ನಿಲ್ಲಿಸಿ ಎದುರು ಗೋಡೆ ತೋರಿಸಿ. ಕೆಳಗೆ ಹಸಿರು ಪಾಚಿ, ಅದರ ಮೇಲೆ ಬಿಳಿ ಕಲ್ಲು, ಅದರ ಮೇಲೆ ಗಾರೆ ಉದುರಿ ಪುಡಿಪುಡಿಯಾದ ಇಟ್ಟಿಗೆ. ನೀರು ಒಣಗಿದಾಗ ಒಳಗೆ ಉಳಿದ ಉಪ್ಪು ಹರಳುಗಟ್ಟಿ ಇಟ್ಟಿಗೆಯನ್ನು ಒಡೆಯುತ್ತದೆ. ಹಳೆ ಮನೆಗಳಲ್ಲಿ ಉಪ್ಪು ಅರಳಿ ಉದುರುವ ಗೋಡೆ ನೋಡಿದವರಿಗೆ ಈ ರೋಗ ತಟ್ಟನೆ ಗುರುತು ಹತ್ತುತ್ತದೆ.

1966ರ ನವೆಂಬರ್ 4ರಂದು ನೀರು 194 ಸೆಂಟಿಮೀಟರ್ ಏರಿತ್ತು, 2019ರ ನವೆಂಬರ್ 12ರಂದು 187. 2020ರ ಅಕ್ಟೋಬರ್‌ನಿಂದ ಸಮುದ್ರದ ನೀರು ಊರಿನತ್ತ ಒಳಬರುವ ಬಾಯಿಗಳಲ್ಲಿ 78 ಉಕ್ಕಿನ ಬಾಗಿಲುಗಳು ಎದ್ದು ದೊಡ್ಡ ಏರಿಕೆಯನ್ನು ತಡೆಯುತ್ತಿವೆ. ಸಣ್ಣ ಏರಿಕೆಗೆ ಅವನ್ನು ಎಬ್ಬಿಸುವುದಿಲ್ಲ. ಹಾಗಾಗಿ ಅಕ್ಟೋಬರ್ ನಂತರ ಹೋಗುವವರು ಒಂದು ಜೊತೆ ಹೆಚ್ಚುವರಿ ಶೂ ಇಟ್ಟುಕೊಂಡಿರಲಿ.

ಸಾನ್ ಮಾರ್ಕೊ ಚರ್ಚಿನ ಐದು ಗುಮ್ಮಟಗಳನ್ನು ಹೊರಗಿನಿಂದ ಒಮ್ಮೆ, ಒಳಗಿನಿಂದ ಒಮ್ಮೆ ನೋಡಿ. ಹೊರಗೆ ಕಾಣುವ ಎತ್ತರದ ಗುಮ್ಮಟ ಸೀಸದ ತಗಡು ಹೊದಿಸಿದ ಮರದ ಚೌಕಟ್ಟು. ಒಳಗಿನ ಇಟ್ಟಿಗೆಯ ಗುಮ್ಮಟ ಅದಕ್ಕಿಂತ ಎಷ್ಟೋ ತಗ್ಗು. ಈ ಪ್ರವಾಸದಲ್ಲಿ ಮಕ್ಕಳ ಕೈಗೆ ಕೊಡಬಹುದಾದ ಎಳೆ ಇದು: ಮೂರು ಊರಲ್ಲೂ ಗುಮ್ಮಟ ಹೇಗೆ ನಿಂತಿದೆ ಎಂದು ಕೇಳುತ್ತ ಹೋಗುವುದು. ವಿಜಯಪುರದ ಗೋಲಗುಮ್ಮಟ ನೋಡಿದ ಮಕ್ಕಳಿಗಂತೂ ಹೋಲಿಕೆ ತಾನಾಗಿ ಬರುತ್ತದೆ. ಚಿತ್ರಪಟಗಳ ಮುಂದೆ ಹತ್ತು ನಿಮಿಷಕ್ಕೆ ಬೇಸರಪಡುವ ಮಗು, "ಇದು ಯಾಕೆ ಬಿದ್ದುಹೋಗಲಿಲ್ಲ?" ಎಂಬ ಪ್ರಶ್ನೆಯ ಹಿಂದೆ ಅರ್ಧ ದಿನ ಬರುತ್ತದೆ.

ವೆನಿಸ್‌ನಿಂದ ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ, ಅಲ್ಲಿಂದ ರೋಮ್‌ಗೆ ಒಂದೂವರೆ ಗಂಟೆ. ಬೇಗ ತೆಗೆದರೆ ಟಿಕೆಟ್ ಅಗ್ಗ, ಆದರೆ ತೀರ ಅಗ್ಗದ್ದನ್ನು ಬದಲಾಯಿಸಲು ಆಗುವುದಿಲ್ಲ. ಸ್ಟೇಷನ್ ಹೆಸರು ಸರಿಯಾಗಿ ನೋಡಿ: ವೆನೆಜಿಯಾ ಸಾಂತಾ ಲುಚಿಯಾ, ಫಿರೆಂಜೆ ಸಾಂತಾ ಮರಿಯಾ ನೊವೆಲ್ಲಾ, ರೋಮಾ ತೆರ್ಮಿನಿ. ಬೋರ್ಡಿನಲ್ಲಿ ಕೊನೆಯ ಸ್ಟೇಷನ್ ಹೆಸರೇ ದೊಡ್ಡದಾಗಿರುತ್ತದೆ. ಫ್ಲಾರೆನ್ಸ್‌ಗೆ ಹೋಗಬೇಕಾದವರಿಗೆ ಅಲ್ಲಿ "ನಾಪೊಲಿ" ಎಂದು ಕಾಣಬಹುದು. ಆದ್ದರಿಂದ ರೈಲಿನ ನಂಬರು ನೋಡಿಯೇ ಹತ್ತಿ. ಪ್ಲಾಟ್‌ಫಾರಂಗೆ "ಬಿನಾರಿಯೊ" ಎನ್ನುತ್ತಾರೆ, ಅದರ ಸಂಖ್ಯೆ ಬರುವುದು ರೈಲು ಹೊರಡಲು ಕೆಲವೇ ನಿಮಿಷ ಇರುವಾಗ. ಸ್ಥಳೀಯ ರೈಲಿನ ಕಾಗದದ ಟಿಕೆಟನ್ನು ಹತ್ತುವ ಮುಂಚೆ ಸ್ಟೇಷನ್ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು, ಮರೆತರೆ ದಂಡ. ಮುಷ್ಕರಕ್ಕೆ ಅಲ್ಲಿ "ಶೋಪೆರೊ" ಎನ್ನುತ್ತಾರೆ. ತಾರೀಖು ಮೊದಲೇ ಪ್ರಕಟವಾಗುತ್ತದೆ. ಕೆಲಸದ ದಿನವಾದರೆ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಸ್ಥಳೀಯ ರೈಲುಗಳ ಖಾತರಿ ಇರುತ್ತದೆ.

ಬಾಡಿಗೆ ಕಾರು ಈ ಮೂರು ಊರಿಗೆ ಬೇಡವೇ ಬೇಡ. ಫ್ಲಾರೆನ್ಸ್, ರೋಮ್‌ಗಳ ಹಳೆ ಪೇಟೆ ನಿರ್ಬಂಧಿತ ವಲಯ. ಕ್ಯಾಮೆರಾ ನಂಬರು ಹಿಡಿಯುತ್ತದೆ, ದಂಡದ ಕಾಗದ ತಿಂಗಳುಗಳ ನಂತರ ಮನೆಗೆ ಬರುತ್ತದೆ.

ಫ್ಲಾರೆನ್ಸ್‌ನ ಕೆಥೆಡ್ರಲ್ ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ. ಹೃದಯದ ತೊಂದರೆ, ಮಂಡಿ ನೋವು, ಇಕ್ಕಟ್ಟಿನ ಭಯ ಇರುವವರು ಹತ್ತಬಾರದು. ನಡುವೆ ತಿರುಗಿ ಇಳಿಯುವುದು ಸುಲಭವಲ್ಲ. ಅವರು ಪಕ್ಕದ ದುಓಮೊ, ಅಂದರೆ ಕೆಥೆಡ್ರಲ್, ಮ್ಯೂಸಿಯಂಗೆ ಹೋಗಬಹುದು. ಶಿಲ್ಪಿ ಗಿಬೆರ್ತಿ ಮಾಡಿದ ಚಿನ್ನದ ಲೇಪದ ಬಾಗಿಲುಗಳ ಮೂಲ ಅಲ್ಲಿದೆ, ಹೊರಗೆ ಇರುವುದು ಪ್ರತಿ.

ಹತ್ತುವವರಿಗೆ ಸಿಗುವ ನೋಟ ಮೇಲಿನದ್ದಷ್ಟೇ ಅಲ್ಲ, ದಾರಿಯದ್ದೂ ಹೌದು. ವಾಸ್ತುಶಿಲ್ಪಿ ಬ್ರುನೆಲೆಸ್ಕಿ 1420ರಿಂದ 1436ರವರೆಗೆ ಕಟ್ಟಿಸಿದ ಈ ಗುಮ್ಮಟ ಎರಡು ಪದರದ್ದು, ಮೆಟ್ಟಿಲು ಅವೆರಡರ ನಡುವೆ ಹಾದುಹೋಗುತ್ತದೆ. ಸುಮಾರು 45 ಮೀಟರ್ ಅಗಲದ ಎಂಟು ಮೂಲೆಯ ಬಾಯಿಗೆ, ಕೆಳಗಿನಿಂದ ಆಧಾರದ ಮರದ ಕಮಾನು ಕೊಡದೆ ಮುಚ್ಚಳ ಹಾಕಬೇಕಿತ್ತು. ಅಷ್ಟು ದೊಡ್ಡ ಆಧಾರಕ್ಕೆ ಬೇಕಾದ ಮರ ಹೊಂದಿಸುವುದು ಆಗದ ಮಾತು. ಗೋಡೆ ಒಳಗೆ ವಾಲುತ್ತ ಹೋದಂತೆ ಹಸಿ ಗಾರೆಯ ಮೇಲಿನ ಇಟ್ಟಿಗೆ ಜಾರಿ ಬೀಳುತ್ತದೆ. ಅದಕ್ಕೆ ಆತ ಕಂಡುಕೊಂಡ ಉಪಾಯ, ಮಲಗಿಸಿದ ಇಟ್ಟಿಗೆಗಳ ಸಾಲಿನ ನಡುನಡುವೆ ಒಂದೊಂದು ಇಟ್ಟಿಗೆಯನ್ನು ನಿಲ್ಲಿಸಿ ಕಟ್ಟುವುದು. ಕಪಾಟಿನಲ್ಲಿ ಪುಸ್ತಕ ಬೀಳದಂತೆ ಎರಡೂ ಕಡೆ ಒತ್ತು ಕೊಡುವ ಹಾಗೆ ಈ ನಿಂತ ಇಟ್ಟಿಗೆಗಳು ಮಲಗಿದವನ್ನು ಹಿಡಿದಿಡುತ್ತವೆ. ಸಾಲಿನಿಂದ ಸಾಲಿಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತ ಅವು ಸುರುಳಿಯಾಗಿ ಮೇಲೇರುತ್ತವೆ. ಮೆಟ್ಟಿಲ ದಾರಿಯಲ್ಲಿ ಗಾರೆ ಮೆತ್ತದ ಗೋಡೆ ಕಂಡಲ್ಲಿ ನಿಂತು ಹುಡುಕಿ, ಮೀನಿನ ಮುಳ್ಳಿನಂಥ ಆ ವಿನ್ಯಾಸ ಕಾಣುತ್ತದೆ.

ಈ ಗುಮ್ಮಟ ಏಳುತ್ತಿದ್ದ ವರ್ಷಗಳಲ್ಲೇ, ವೆನಿಸ್ ಪಕ್ಕದ ಕಿಯೋಜಾ ಊರಿನ ವ್ಯಾಪಾರಿ ನಿಕೊಲೊ ಕೊಂತಿ ವಿಜಯನಗರದಲ್ಲಿ ಓಡಾಡಿದ್ದ. ನಗರದ ಸುತ್ತಳತೆ 60 ಮೈಲಿ ಎಂಬ ಅವನ ಮಾತು ನಮ್ಮ ಚರಿತ್ರೆ ಪುಸ್ತಕಗಳಲ್ಲಿದೆ. 1436ರಲ್ಲಿ ಈ ಕೆಥೆಡ್ರಲನ್ನು ಪವಿತ್ರಗೊಳಿಸಿದವರು ಪೋಪ್ ನಾಲ್ಕನೆಯ ಯೂಜೀನ್. ಊರಿಗೆ ಮರಳಿದ ಕೊಂತಿಯ ಕಥನವನ್ನು ಬರೆದುಕೊಂಡದ್ದು ಅದೇ ಪೋಪರ ಕಾರ್ಯದರ್ಶಿ ಪೊಜಿಯೊ ಬ್ರಾಚೊಲಿನಿ.

ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ಉಫೀಜಿಯ ಬದಲು ಅಕಾಡೆಮಿಯಾ ಆರಿಸಿ. 5.17 ಮೀಟರ್ ಎತ್ತರದ ಡೇವಿಡ್ ಮುಂದೆ ಮಕ್ಕಳು ತಾವಾಗಿಯೇ ನಿಲ್ಲುತ್ತಾರೆ. ಬೇರೆ ಶಿಲ್ಪಿಗಳು ಕೆಲಸ ಶುರು ಮಾಡಿ ಕೈಬಿಟ್ಟಿದ್ದ ಅಮೃತಶಿಲೆಯ ಬಂಡೆಯಲ್ಲಿ ಮೈಕೆಲಾಂಜೆಲೊ 1501ರಿಂದ 1504ರ ನಡುವೆ ಕಡೆದದ್ದು ಅದು. ಪೀಸಾಕ್ಕೆ ಅರ್ಧ ದಿನ ಸಾಕು, ಸ್ಥಳೀಯ ರೈಲಿನಲ್ಲಿ ಒಂದು ಗಂಟೆ. 8 ವರ್ಷದೊಳಗಿನ ಮಕ್ಕಳನ್ನು ಗೋಪುರ ಹತ್ತಲು ಬಿಡುವುದಿಲ್ಲ. ದಕ್ಷಿಣದ ಮಣ್ಣು ಮೆದುವಾಗಿದ್ದರಿಂದ ವಾಲಿದ ಗೋಪುರವನ್ನು, ಉತ್ತರದ ಕಡೆಯ ಮಣ್ಣು ಸ್ವಲ್ಪ ಸ್ವಲ್ಪವೇ ತೆಗೆದು ಹಿಂದಕ್ಕೆ ತಂದರು. 2001ರಲ್ಲಿ ಮತ್ತೆ ತೆರೆಯಿತು.

ರೋಮ್‌ನಲ್ಲಿ ಕೊಲೊಸಿಯಂ, ಫೋರಂಗೆ ಒಂದು ದಿನ, ವ್ಯಾಟಿಕನ್‌ಗೆ ಒಂದು ದಿನ. ಎರಡನ್ನೂ ಒಂದೇ ದಿನಕ್ಕೆ ತುಂಬಬೇಡಿ. ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಚರ್ಚಿಗೆ ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು; ಸೀರೆ ಉಡುವವರು ಶಾಲು ಹೊದ್ದರಾಯಿತು. ಬುಧವಾರ ಬೆಳಿಗ್ಗೆ ಪೋಪರ ದರ್ಶನ ಇದ್ದರೆ ಚರ್ಚಿನೊಳಗೆ ಮಧ್ಯಾಹ್ನದವರೆಗೆ ಪ್ರವೇಶ ಇರುವುದಿಲ್ಲ. ಅಲ್ಲಿನ ಗುಮ್ಮಟಕ್ಕೆ 551 ಮೆಟ್ಟಿಲು. ಲಿಫ್ಟ್ ಹಿಡಿದರೂ 320 ಉಳಿಯುತ್ತವೆ.

ರೋಮ್‌ನ ಪ್ರಾಚೀನ ದೇವಾಲಯ ಪ್ಯಾಂಥಿಯಾನ್‌ನ ಗುಮ್ಮಟದ ಒಳ ಅಗಲ 43.3 ಮೀಟರ್, ನೆಲದಿಂದ ಎತ್ತರವೂ ಅಷ್ಟೇ. ಗೋಲಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ಒಂದು ಸುಮಾರು ಕ್ರಿ.ಶ. 126ರದ್ದು, ಇನ್ನೊಂದು 1656ರದ್ದು. ಪ್ಯಾಂಥಿಯಾನ್‌ನ ಗುಮ್ಮಟ ಪೂರ್ತಿ ಕಾಂಕ್ರೀಟು, ಒಳಗೆ ಕಬ್ಬಿಣದ ಸರಳಿಲ್ಲ. ಕೆಳಗೆ ಭಾರದ ಕಲ್ಲಿನ ಚೂರು ಬೆರೆಸಿ, ಮೇಲೇರಿದಂತೆ ಹಗುರ ಕಲ್ಲು, ತುದಿಯಲ್ಲಿ ನೀರಲ್ಲಿ ತೇಲುವ ಪ್ಯೂಮಿಸ್ ಕಲ್ಲು ಬೆರೆಸಿದ್ದಾರೆ. ನೆತ್ತಿಯ ಕಿಂಡಿ ತೆರೆದೇ ಇದೆ, ಮಳೆ ಒಳಗೇ ಬೀಳುತ್ತದೆ. ನೆಲ ನಡುವೆ ಸ್ವಲ್ಪ ಉಬ್ಬಿದೆ, ನೀರು ಇಂಗಲು 22 ರಂಧ್ರಗಳಿವೆ. ಮಕ್ಕಳಿಗೆ ಎಣಿಸಲು ಹೇಳಿ.

ನೀರಿನ ಬಾಟಲಿ ಕೊಳ್ಳಬೇಡಿ. ರೋಮ್‌ನ ಬೀದಿಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ನಲ್ಲಿ ಕಂಬಗಳು ಹಗಲಿರುಳು ಕುಡಿಯುವ ನೀರು ಹರಿಸುತ್ತವೆ. ನಲ್ಲಿಯ ಬಾಯಿಯನ್ನು ಬೆರಳಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಹಾಗೇ ಕುಡಿಯಬಹುದು. ಜೇಬುಗಳ್ಳರ ಬಗ್ಗೆ ತೆರ್ಮಿನಿ ಸ್ಟೇಷನ್ ಮತ್ತು 64ನೇ ನಂಬರ್ ಬಸ್ಸಿನಲ್ಲಿ ಎಚ್ಚರ ಹೆಚ್ಚಿರಲಿ.

ಊಟದ ಮಾತು. ಸಸ್ಯಾಹಾರಿಗಳಿಗೆ ಇಟಲಿ ಕಷ್ಟದ ದೇಶವಲ್ಲ, ಆದರೆ ಕಣ್ಣಿಗೆ ಕಾಣದ್ದು ಕೆಲವಿವೆ. ಪಾರ್ಮಿಜಾನೊ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುವುದು ನಿಯಮ. ಬೇಡವಾದವರು "ಸೆಂಜಾ ಫೊರ್ಮಾಜೊ" ಎನ್ನಿ. ರಿಸೊಟ್ಟೊ ಅನ್ನವನ್ನು ಎಷ್ಟೋ ಕಡೆ ಮಾಂಸದ ಕಟ್ಟಿನಲ್ಲಿ ಬೇಯಿಸುತ್ತಾರೆ. "ಸೆಂಜಾ ಕಾರ್ನೆ, ಸೆಂಜಾ ಪೆಶೆ" ಎಂದರೆ ಮಾಂಸ, ಮೀನು ಬೇಡ ಎಂದು; "ಬ್ರೊದೊ" ಏನು ಎಂದು ಕಟ್ಟಿನ ವಿಚಾರವನ್ನೂ ಕೇಳಿ. ಮರಿನಾರಾ ಪಿಜ್ಜಾದಲ್ಲಿ ಚೀಸೇ ಇಲ್ಲ, ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ ಸೊಪ್ಪು, ಎಣ್ಣೆ ಮಾತ್ರ. ಅರಬ್ಯಾತಾ ಪಾಸ್ತಾ ನಮ್ಮ ನಾಲಿಗೆಗೆ ಒಗ್ಗುವ ಖಾರ. ಫ್ಲಾರೆನ್ಸ್ ಸೀಮೆಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಕೆಟ್ಟಿದೆ ಎಂದುಕೊಳ್ಳಬೇಡಿ. ಹೋಟೆಲುಗಳು ಮಧ್ಯಾಹ್ನ ಮೂರರ ನಂತರ ಅಡುಗೆಮನೆ ಮುಚ್ಚಿ ಏಳು, ಏಳೂವರೆಗೆ ತೆರೆಯುತ್ತವೆ. ಮಕ್ಕಳಿಗೆ ಸಂಜೆ 6ಕ್ಕೆ ಹಸಿವಾಗುತ್ತದೆ, ಅದಕ್ಕೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಒಳ್ಳೆಯದು.

ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ಹಾಲು, ತುಪ್ಪ, ಪನೀರ್, ಹಸಿ ಕರಿಬೇವು ಬೇಡ. ಯುರೋಪಿನ ಕಸ್ಟಮ್ಸ್ ನಿಯಮ ಬಿಡುವುದಿಲ್ಲ. ರೈಸ್ ಕುಕ್ಕರ್ ಒಯ್ಯುವವರಿಗೆ ಒಂದು ಮಾತು. ಅಲ್ಲಿನ ಮನೆಗಳ ವಿದ್ಯುತ್ ಸಂಪರ್ಕ ಸಾಮಾನ್ಯವಾಗಿ 3 ಕಿಲೋವ್ಯಾಟ್. ಕುಕ್ಕರ್, ಕೆಟಲ್, ಇಂಡಕ್ಷನ್ ಒಲೆ, ಎಸಿ ಒಟ್ಟಿಗೆ ಹಚ್ಚಿದರೆ ಮನೆಯೆಲ್ಲ ಕತ್ತಲು. ಟ್ರಿಪ್ ಸ್ವಿಚ್ ಎಲ್ಲಿದೆ ಎಂದು ಕೀಲಿ ತೆಗೆದುಕೊಳ್ಳುವಾಗಲೇ ಕೇಳಿ. ನಮ್ಮ ದಪ್ಪ ಮೂರು ಕಡ್ಡಿಯ ಪ್ಲಗ್ ಅಲ್ಲಿ ಕೂರುವುದಿಲ್ಲ, ಅಡಾಪ್ಟರ್ ಬೇಕು.

ರೋಮ್‌ನ ಕೊನೆಯ ದಿನಕ್ಕೆ ಟಿಕೆಟ್ ಇಲ್ಲದ ಒಂದು ಜಾಗ: ಕ್ಯಾಪಿಟೊಲೈನ್ ಗುಡ್ಡದ ಮೇಲಿನ ಅರಾಚೇಲಿ ಚರ್ಚು. 1623ರಲ್ಲಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನನ್ನು ಕಂಡ ರೋಮ್‌ನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆಯ ಸಮಾಧಿ ಅಲ್ಲಿದೆ. ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿ ಮಆನಿಯ ಶವಪೆಟ್ಟಿಗೆಯನ್ನು ಭಾರತದ ದಾರಿಯಾಗಿ ತಂದು ಆತ 1627ರಲ್ಲಿ ಅಲ್ಲೇ ಮಣ್ಣು ಮಾಡಿದ. ನಮ್ಮ ನಾಡಿನಲ್ಲಿ ಗುಡಿಯ ಜಗಲಿಯ ಮೇಲೆ ನಾಲ್ಕು ಹುಡುಗರು ನೆಲಕ್ಕೆ ಮರಳು ಹರಡಿ, ಬೆರಳಲ್ಲಿ ಲೆಕ್ಕ ಬರೆಯುತ್ತ, ರಾಗವಾಗಿ ಬಾಯಿಪಾಠ ಮಾಡುತ್ತಿದ್ದುದನ್ನು ನಿಂತು ನೋಡಿ ತನ್ನ ಪತ್ರದಲ್ಲಿ ಬರೆದವನು ಇವನೇ. ಚರ್ಚಿನ ಮುಂದಿನ 124 ಮೆಟ್ಟಿಲು ಕಡಿದು. ಹಿರಿಯರನ್ನು ಅದರ ಪಕ್ಕದಲ್ಲೇ ಇರುವ, ಮೈಕೆಲಾಂಜೆಲೊ ಯೋಜಿಸಿದ ಅಗಲದ ಇಳಿಜಾರಿನಲ್ಲಿ ಚೌಕಕ್ಕೆ ಕರೆದೊಯ್ಯಿರಿ. ಅಲ್ಲಿಂದ ಎಡಗಡೆಯ ಮ್ಯೂಸಿಯಂ ಕಟ್ಟಡದ ಹಿಂದಿನ ಕಡಿಮೆ ಮೆಟ್ಟಿಲುಗಳು ಚರ್ಚಿನ ಪಕ್ಕದ ಬಾಗಿಲಿಗೆ ಸೇರುತ್ತವೆ.